ಸುಮ್ಮನೆ ಕೂತ ಶೆಲ್ಲಿಗೆ ಕೆಲಸ ಹಚ್ಚಬೇಡಿ

ಕಮಾಂಡ್ ಲೈನಿನಲ್ಲಿ ದಿನ ಕಳೆಯುವವರಿಗೆ ಆಗಾಗ ಒಂದು ಆಸೆ ಹುಟ್ಟುತ್ತದೆ. ಐದು ನಿಮಿಷ ನಾನೇನೂ ಟೈಪ್ ಮಾಡದಿದ್ದರೆ ಶೆಲ್ ತಾನಾಗಿಯೇ ಗಿಟ್ ಪುಲ್ ಮಾಡಲಿ, ಹಳೆಯ ಲಾಗ್ ಫೈಲುಗಳನ್ನು ಅಳಿಸಲಿ, ಬ್ಯಾಕಪ್ ತೆಗೆಯಲಿ. ಖಾಲಿ ಕೂತವನಿಗೆ ಕೆಲಸ ಕೊಟ್ಟರೆ ತಪ್ಪೇನು? ತಪ್ಪಿದೆ ಎಂಬುದು ನನ್ನ ವಾದ.

ಸೌಲಭ್ಯವೇನೋ ಇದೆ. ಬ್ಯಾಶ್, ಝಡ್‌ಶೆಲ್ ಎರಡರಲ್ಲೂ 'ಟಿಎಂಔಟ್' ಎಂಬ ವೇರಿಯಬಲ್ ಉಂಟು. ಅದಕ್ಕೆ 300 ಎಂದು ಕೊಟ್ಟರೆ, ಪ್ರಾಂಪ್ಟ್ ಬಂದ 300 ಸೆಕೆಂಡಿನೊಳಗೆ ಪೂರ್ತಿ ಸಾಲು ಬಾರದಿದ್ದಾಗ ಬ್ಯಾಶ್ ಮುಚ್ಚಿಕೊಳ್ಳುತ್ತದೆ. ಝಡ್‌ಶೆಲ್ಲಿನಲ್ಲಿ ಅವಧಿ ಮುಗಿದಾಗ ಅಲಾರಂ ಸಿಗ್ನಲ್ ಬರುತ್ತದೆ. ಅದಕ್ಕೆಂದು ನೀವೊಂದು ಫಂಕ್ಷನ್ ಬರೆದಿಟ್ಟಿದ್ದರೆ, ಶೆಲ್ ಮುಚ್ಚಿಕೊಳ್ಳದೆ ಅದನ್ನು ನಡೆಸಿ ಮತ್ತೆ ಎಣಿಕೆ ಶುರುಮಾಡುತ್ತದೆ.

ಅಪಾಯ ಇರುವುದು ಇಲ್ಲೇ. ಆ ಫಂಕ್ಷನ್ ಓಡುವುದು ನೀವು ಕೂತಿರುವ ಶೆಲ್ಲಿನೊಳಗೇ. ಅದರಲ್ಲೊಂದು 'ಸಿಡಿ' ಇದ್ದರೆ ನಿಮ್ಮ ಡೈರೆಕ್ಟರಿಯೂ ಬದಲಾಗುತ್ತದೆ. ನೀವು ಅಳಿಸುವ ಕಮಾಂಡನ್ನು ಅರ್ಧ ಬರೆದು, ಸರಿಯೋ ತಪ್ಪೋ ಎಂದು ಯೋಚಿಸುತ್ತಿದ್ದೀರಿ ಎನ್ನಿ. ಅಷ್ಟರಲ್ಲಿ ಕಾಲ ಕೆಳಗಿನ ನೆಲವೇ ಸರಿದಿರುತ್ತದೆ. ಎಂಟರ್ ಒತ್ತಿದರೆ ಅಳಿಯುವುದು ಬೇರೆಯದೇ ಜಾಗದ ಫೈಲುಗಳು. ಶೆಲ್ ಸುಮ್ಮನಿದೆ ಎಂದರೆ ಮನುಷ್ಯ ಸುಮ್ಮನಿದ್ದಾನೆ ಎಂದರ್ಥವಲ್ಲ. ಬಹಳ ಸಲ ಅದು ಯೋಚನೆಯ ಹೊತ್ತು.

ಬಿಟ್ಟುಹೋದ ಟರ್ಮಿನಲ್ಲಿಗೆ ಕಾವಲಾಗಿಯಾದರೂ ಇದು ಬೇಡವೇ ಎಂದು ಕೇಳಬಹುದು. ಬೇಕು, ಆದರೆ ಇದೊಂದನ್ನೇ ನಂಬಿದರೆ ಸಾಲದು. ಶೆಲ್ಲಿನ ಎಣಿಕೆ ನಡೆಯುವುದು ಪ್ರಾಂಪ್ಟ್ ಕಾದಿರುವಾಗ ಮಾತ್ರ. ರೂಟ್ ಆಗಿ ಲಾಗಿನ್ ಆದವರು ವಿಮ್ ಅಥವಾ ಟಾಪ್ ತೆರೆದಿಟ್ಟು ಊಟಕ್ಕೆ ಹೋದರೆ ಟಿಎಂಔಟ್ ಏನೂ ಮಾಡದು. ಬಾಗಿಲು ತೆರೆದೇ ಇರುತ್ತದೆ. ಟಿಮಕ್ಸ್‌ನ 'ಲಾಕ್ ಆಫ್ಟರ್ ಟೈಮ್' ಮೇಲು. ಒಳಗೆ ಯಾವ ಪ್ರೋಗ್ರಾಂ ಇದ್ದರೂ ನಿಗದಿತ ಹೊತ್ತು ಯಾರೂ ಕೀಲಿ ಒತ್ತದಿದ್ದರೆ ಬೀಗ ಹಾಕಿಕೊಳ್ಳುತ್ತದೆ. ಸರಿಯಾದ ಲಾಕ್ ಕಮಾಂಡನ್ನು ಕೊಟ್ಟಿರಬೇಕು, ಅಷ್ಟೆ. ಕೆಲಸವೂ ಹಾಗೇ ಉಳಿಯುತ್ತದೆ. ಬ್ಯಾಶ್ ಮುಚ್ಚಿಕೊಂಡಾಗ ಅರ್ಧ ಬರೆದ ಸಾಲು ಹೋದಂತೆ ಹೋಗುವುದಿಲ್ಲ.

ಹಾಗಾಗಿ ಒಂದು ಗೆರೆ ಎಳೆದುಕೊಳ್ಳೋಣ. ಬಿಡುವಿನ ಹೊತ್ತಿನಲ್ಲಿ ಶೆಲ್ ತೋರಿಸುವ ಕೆಲಸ ಮಾಡಲಿ, ಬದಲಿಸುವ ಕೆಲಸ ಬೇಡ. ಪ್ರಾಂಪ್ಟಿನ ಗಡಿಯಾರ ಹೊಸದಾಗಲಿ, ಪರದೆಗೆ ಬೀಗ ಬೀಳಲಿ. ಬ್ಯಾಕಪ್ಪು, ಅಳಿಸುವಿಕೆ, ಗಿಟ್ ಪುಲ್‌ನಂಥವು ಕ್ರಾನ್‌ಗೋ ಸಿಸ್ಟಂಡಿ ಟೈಮರಿಗೋ ಹೋಗಲಿ. ಅಲ್ಲಿ ಅವು ಬೇರೆ ಪ್ರೊಸೆಸ್ ಆಗಿ ಓಡುತ್ತವೆ, ಗೊತ್ತಾದ ಹೊತ್ತಿಗೆ ಓಡುತ್ತವೆ, ಎಡವಿದರೆ ಎಲ್ಲಿ ಎಡವಿದವು ಎಂದು ಲಾಗಿನಲ್ಲಿ ಹುಡುಕಬಹುದು. ಮುಖ್ಯವಾಗಿ, ನೀವು ಟರ್ಮಿನಲ್ ಮುಂದೆ ಯೋಚಿಸುತ್ತ ಕೂತಿದ್ದೀರೋ ಎದ್ದು ಹೋಗಿದ್ದೀರೋ ಎಂದು ಅವು ಊಹಿಸಬೇಕಿಲ್ಲ.