ಕರೆಯುವ ಬೊಂಬೆ, ಬೆದರಿಸುವ ಬೊಂಬೆ

ಗಂಗಾನಗರದ ಮೂರನೆಯ ಮಹಡಿಯ ಮನೆಯೊಂದರ ಬಾಲ್ಕನಿಯಲ್ಲಿ ಎರಡು ಹಳೆಯ ಸಿ.ಡಿ.ಗಳು ದಾರದ ತುದಿಯಲ್ಲಿ ಗಿರ್ರನೆ ತಿರುಗುತ್ತಿದ್ದವು. ಪಾರಿವಾಳಗಳ ಕಾಟ ತಪ್ಪಿಸಲು ಆ ಮನೆಯ ಏಳನೆಯ ತರಗತಿಯ ಹುಡುಗಿ ಮಾಡಿದ್ದ ಏರ್ಪಾಟು ಅದು. ದೊಡ್ಡಬಳ್ಳಾಪುರದ ಕಡೆಯ ಹಳ್ಳಿಯಿಂದ ಬಂದಿದ್ದ ತಾತ ಅದನ್ನು ನೋಡಿ ನಕ್ಕರು.

"ಕಟ್ಟಿ ಎಷ್ಟು ದಿನ ಆಯ್ತವ್ವಾ?"

"ನಾಲ್ಕು ದಿನ, ತಾತ. ಒಂದು ಪಾರಿವಾಳಾನೂ ಬಂದಿಲ್ಲ."

"ಇನ್ನೊಂದು ವಾರ ತಾಳು. ಆಮೇಲೆ ಅದರ ಪಕ್ಕದಲ್ಲೇ ಕೂತು ಗುಟುರು ಹಾಕ್ತವೆ."

ತಾತನ ನಗುವಿನ ಹಿಂದೆ ನೋವೂ ಇತ್ತು. ಆ ಮುಂಗಾರಿನಲ್ಲಿ ಅವರು ಬಿತ್ತಿದ್ದ ಅಲಸಂದೆ ಕಾಳನ್ನು ಪಾರಿವಾಳ, ಬೆಳವಗಳ ಹಿಂಡು ಮೊಳಕೆಯೊಡೆಯುವ ಮೊದಲೇ ಆರಿಸಿ ತಿಂದಿತ್ತು. ಹೊಲದ ನಡುವೆ ನಿಲ್ಲಿಸಿದ್ದ ಬೆದರುಬೊಂಬೆಯ ತಲೆಯ ಮಡಕೆಯ ಮೇಲೇ ಹಕ್ಕಿಗಳು ಕುಳಿತದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಎರಡನೆಯ ಸಲ ಬಿತ್ತಲು ಬೀಜ ಕೊಂಡಾಗ ಪಕ್ಕದ ಹೊಲದವರು, "ಕಾಳಿಗೆ ಒಂದಿಷ್ಟು ಔಷಧಿ ಬೆರೆಸಿ ಬದುವಿನ ಮೇಲೆ ಚೆಲ್ಲಿ, ಒಂದೇ ದಿನಕ್ಕೆ ಮುಗಿಯುತ್ತೆ" ಎಂದು ಬುದ್ಧಿ ಹೇಳಿದ್ದರು. ತಾತ ಇನ್ನೂ ತೀರ್ಮಾನಕ್ಕೆ ಬಂದಿರಲಿಲ್ಲ.

ಬಾಲ್ಕನಿಯ ಸಿ.ಡಿ.ಗೂ ಹೊಲದ ಬೊಂಬೆಗೂ ಹಕ್ಕಿ ಹೆದರುವುದೇಕೆ? ಕೆಲವೇ ದಿನಗಳಲ್ಲಿ ಆ ಹೆದರಿಕೆ ಬಿಟ್ಟುಹೋಗುವುದೇಕೆ? ಇದನ್ನು ತಿಳಿಯಲು ಇನ್ನೊಂದು ಬಗೆಯ ಬೊಂಬೆಯನ್ನು ನೋಡಬೇಕು. ಅದು ಹಕ್ಕಿಯನ್ನು ಓಡಿಸುವ ಬೊಂಬೆಯಲ್ಲ, ಹತ್ತಿರ ಕರೆಯುವ ಬೊಂಬೆ.

ನಂಬಿಸಿ ಕರೆಯುವ ವಿದ್ಯೆ

ಬೇಟೆಯ ಪ್ರಾಣಿಯನ್ನು ಅದರದೇ ಜಾತಿಯ ಪಳಗಿದ ಪ್ರಾಣಿಯಿಂದ ಆಕರ್ಷಿಸುವುದು ನಮ್ಮ ನಾಡಿಗೆ ಹೊಸದಲ್ಲ. ಹಾಗೆ ಪಳಗಿಸಿದ ಪ್ರಾಣಿಯನ್ನು ಹಿಂದಿನವರು 'ದೀವದ ಮೃಗ' ಎಂದು ಕರೆಯುತ್ತಿದ್ದರು. ಪಂಜರದಲ್ಲಿಟ್ಟ ಗೌಜಲಹಕ್ಕಿ ಕೂಗಿದಾಗ ಸುತ್ತಲಿನ ಕಾಡುಗೌಜಲುಗಳು ಬಂದು ಉರುಳಿಗೆ ಸಿಕ್ಕಿಬೀಳುವುದು ಹಳ್ಳಿಯ ಹಿರಿಯರು ಬಲ್ಲ ಸಂಗತಿ.

ಇಂಗ್ಲೆಂಡಿನ ರೈತರ ದೊಡ್ಡ ತಲೆನೋವು ಅಲ್ಲಿನ ಕಾಡುಪಾರಿವಾಳ. ನಮ್ಮ ಊರಿನ ಪಾರಿವಾಳಕ್ಕಿಂತ ದಪ್ಪ, ಕತ್ತಿನ ಪಕ್ಕದಲ್ಲಿ ಬಿಳಿಯ ಮಚ್ಚೆ. ಕೋಸಿನ ಜಾತಿಯ ಬೆಳೆ, ಬಟಾಣಿ, ಮಾಗಿದ ಗೋಧಿ, ಎಲ್ಲಕ್ಕೂ ಹಿಂಡು ಹಿಂಡಾಗಿ ಎರಗುತ್ತದೆ. ಅಲ್ಲಿ ಬೆಳೆ ರಕ್ಷಣೆಗಾಗಿ ನಿಯಮಗಳಿಗೊಳಪಟ್ಟು ಅದನ್ನು ಬಂದೂಕಿನಿಂದ ಹೊಡೆಯಲು ಅವಕಾಶವಿದೆ. ಹೊಡೆಯುವವರು ಹಕ್ಕಿಯ ಹಿಂದೆ ಓಡುವುದಿಲ್ಲ. ಹಿಂಡು ದಿನವೂ ಯಾವ ಹೊಲಕ್ಕೆ, ಯಾವ ದಾರಿಯಲ್ಲಿ ಬರುತ್ತದೆಂದು ಮೊದಲು ದೂರದಿಂದ ಗಮನಿಸುತ್ತಾರೆ. ನಂತರ ಬೇಲಿಯ ಮರೆಯಲ್ಲಿ ಅಡಗುತಾಣ ಮಾಡಿಕೊಂಡು, ಅದರ ಮುಂದೆ ಪಾರಿವಾಳದ ಬೊಂಬೆಗಳನ್ನು ನೆಲದ ಮೇಲೆ ಹರಡುತ್ತಾರೆ.

ಹರಡುವುದರಲ್ಲೇ ವಿದ್ಯೆ ಇರುವುದು. ಬೊಂಬೆಗಳು ಕುದುರೆ ಲಾಳದ ಆಕಾರದಲ್ಲಿರಬೇಕು, ನಡುವೆ ಖಾಲಿ ಜಾಗ ಬಿಡಬೇಕು. ಬರುವ ಹಕ್ಕಿಗೆ ಅದೇ ಇಳಿಯುವ ಅಂಗಳ. ಒಂದಕ್ಕೊಂದು ತೀರ ಹತ್ತಿರವಿಟ್ಟರೆ ಗಾಬರಿಗೊಂಡ ಹಿಂಡಿನಂತೆ ಕಾಣುತ್ತದೆ. ಬೊಂಬೆಯ ಬಣ್ಣ ಮಿರಮಿರ ಹೊಳೆಯಬಾರದು, ಗರಿಗೆ ಅಂಥ ಹೊಳಪಿಲ್ಲ. ಬಹುಪಾಲು ಬೊಂಬೆಗಳ ಮೂತಿ ಗಾಳಿ ಬೀಸುವ ಕಡೆಗೇ ಇರಬೇಕು.

ಗಾಳಿಯ ಕಡೆಗೇ ಏಕೆ? ಇದಕ್ಕೆ ಉತ್ತರ ಗಂಗಾನಗರದಿಂದ ಬಹು ದೂರದಲ್ಲೇನೂ ಇಲ್ಲ. ಜಕ್ಕೂರಿನ ಹಾರಾಟ ತರಬೇತಿ ಶಾಲೆಯ ಪುಟ್ಟ ವಿಮಾನಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಇಳಿಯುತ್ತವೆ. ವಿಮಾನವನ್ನು ಮೇಲೆತ್ತಿ ಹಿಡಿಯುವುದು ರೆಕ್ಕೆಯ ಮೇಲೆ ಹರಿಯುವ ಗಾಳಿಯ ವೇಗ. ಎದುರುಗಾಳಿ ಇದ್ದಾಗ ಆ ವೇಗದ ಒಂದು ಪಾಲನ್ನು ಗಾಳಿಯೇ ಒದಗಿಸುತ್ತದೆ. ಹಾಗಾಗಿ ನೆಲಕ್ಕೆ ಸಂಬಂಧಿಸಿದಂತೆ ವಿಮಾನ ನಿಧಾನವಾಗಿಯೇ ಚಲಿಸುತ್ತ ಸುರಕ್ಷಿತವಾಗಿ ಇಳಿಯಬಹುದು. ಪಾರಿವಾಳವೂ ಇದನ್ನೇ ಮಾಡುತ್ತದೆ. ನೆಲದಲ್ಲಿ ಮೇಯುವಾಗಲೂ ಗಾಳಿಗೆ ಮುಖಮಾಡಿದರೆ ಗರಿ ಕೆದರುವುದಿಲ್ಲ, ಥಟ್ಟನೆ ಏಳುವುದೂ ಸುಲಭ. ಗಾಳಿಗೆ ಬೆನ್ನು ಹಾಕಿ ಕುಳಿತ ಬೊಂಬೆಗಳ ಹಿಂಡನ್ನು ಮೇಲಿನ ಹಕ್ಕಿ ಅನುಮಾನದಿಂದ ನೋಡಿ ಮುಂದೆ ಹೋಗಿಬಿಡುತ್ತದೆ.

ತಲೆ ತಗ್ಗಿದರೆ ಊಟ, ತಲೆ ಎತ್ತಿದರೆ ಅಪಾಯ

ಹಾರುವ ಹಕ್ಕಿ ಬೊಂಬೆಯಲ್ಲಿ ಓದುವುದೇನನ್ನು? 1978ರಲ್ಲಿ ಇಂಗ್ಲಿಸ್ ಮತ್ತು ಐಸಾಕ್ಸನ್ ಎಂಬ ಇಬ್ಬರು ಬ್ರಿಟಿಷ್ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಸೊಗಸಾದ ಉತ್ತರ ಕೊಟ್ಟಿತು. ಅವರು ಆರಿಸಿಕೊಂಡದ್ದು ಬ್ರೆಂಟ್ ಎಂಬ ಜಾತಿಯ ಕಾಡು ಹೆಬ್ಬಾತುಗಳನ್ನು. ಹೆಬ್ಬಾತಿನ ಬೊಂಬೆಗಳನ್ನು ಹೊಲದಲ್ಲಿ ಬೇರೆ ಬೇರೆ ಭಂಗಿಗಳಲ್ಲಿ ನಿಲ್ಲಿಸಿದರು. ತಲೆ ತಗ್ಗಿಸಿ ಮೇಯುವ ಭಂಗಿಯ ಬೊಂಬೆಗಳಿದ್ದಲ್ಲಿಗೆ ಹಿಂಡುಗಳು ಬಂದು ಇಳಿದವು. ಕತ್ತು ನಿಗುರಿಸಿ ಎಚ್ಚರದಿಂದ ನೋಡುವ ಭಂಗಿಯ ಬೊಂಬೆಗಳಿದ್ದಲ್ಲಿ ಇಳಿಯಲು ಹಿಂಜರಿದವು.

ಬೊಂಬೆ ಅದೇ, ಹೊಲವೂ ಅದೇ. ಕತ್ತಿನ ಭಂಗಿ ಬದಲಾದದ್ದರಿಂದ ಕರೆಯುವ ಬೊಂಬೆ ಬೆದರಿಸುವ ಬೊಂಬೆಯಾಯಿತು! ಹಿಂಡಿನಲ್ಲಿ ಬಾಳುವ ಹಕ್ಕಿಗೆ ಇನ್ನೊಂದು ಹಕ್ಕಿಯ ಮೈಯೇ ಒಂದು ಸುದ್ದಿಪತ್ರಿಕೆ. ಇಲ್ಲಿ ಊಟವಿದೆ, ಭಯವಿಲ್ಲ ಎಂಬ ಸುದ್ದಿ ತಗ್ಗಿದ ತಲೆಯಲ್ಲಿದೆ. ಪ್ರತಿ ಹೊಲವನ್ನೂ ತಾನೇ ಪರೀಕ್ಷಿಸುವ ಶ್ರಮ ಅದಕ್ಕೆ ತಪ್ಪುತ್ತದೆ. ಬೇಟೆಗಾರ ಬಳಸಿಕೊಳ್ಳುವುದು ಈ ನಂಬಿಕೆಯನ್ನೇ.

ಬೆದರುಬೊಂಬೆಯೂ ಹೀಗೆಯೇ ಒಂದು ಸುದ್ದಿ ಹೇಳುತ್ತದೆ: ಇಲ್ಲಿ ಮನುಷ್ಯನಿದ್ದಾನೆ, ಕಲ್ಲು ಬೀಳಬಹುದು. ಆದರೆ ಕಲ್ಲು ಬೀಳುವುದೇ ಇಲ್ಲ. ಮೊದಲ ದಿನ ದೂರದಿಂದ ನೋಡಿದ ಹಕ್ಕಿ ಮೂರನೆಯ ದಿನ ಹತ್ತಿರ ಬರುತ್ತದೆ, ಒಂದು ವಾರದೊಳಗೆ ಮಡಕೆಯ ಮೇಲೆ ಕೂರುತ್ತದೆ. ಕೇಡು ಮಾಡದ ಸಂಗತಿಗೆ ಮತ್ತೆ ಮತ್ತೆ ಎದುರಾದಾಗ ಹೆದರಿಕೆ ಕರಗುವುದನ್ನು ವಿಜ್ಞಾನಿಗಳು 'ರೂಢಿಯಾಗುವಿಕೆ' ಎನ್ನುತ್ತಾರೆ. ರೈಲು ಹಳಿಯ ಪಕ್ಕದ ಮನೆಯವರಿಗೆ ರಾತ್ರಿ ರೈಲಿನ ಸದ್ದಿನಿಂದ ಎಚ್ಚರವಾಗದಿರುವುದೂ ಇದೇ ಗುಣದಿಂದ. ಇದು ದಡ್ಡತನವಲ್ಲ. ಸುಳ್ಳು ಎಚ್ಚರಿಕೆಗೆಲ್ಲ ಹಾರಿ ಓಡುವ ಹಕ್ಕಿ ಹೊಟ್ಟೆಗಿಲ್ಲದೆ ಸಾಯುತ್ತದೆ.

ಬಂದೂಕು, ವಿಷ, ಕಾನೂನು

"ಹಾಗಾದರೆ ಇಂಗ್ಲೆಂಡಿನವರ ಹಾಗೆ ನಾವೂ ಗುಂಡು ಹೊಡೆಯಬಹುದಲ್ಲ, ತಾತ?" ಎಂಬುದು ಹುಡುಗಿಯ ಮುಂದಿನ ಪ್ರಶ್ನೆ.

ಅಲ್ಲಿಯೂ ಗುಂಡಿನಿಂದ ಎಲ್ಲ ಬಗೆಹರಿದಿಲ್ಲ. ಆರ್.ಕೆ. ಮರ್ಟನ್ ಎಂಬ ಪಕ್ಷಿವಿಜ್ಞಾನಿ ಮತ್ತು ಸಂಗಡಿಗರು ಕೇಂಬ್ರಿಜ್‌ಶೈರಿನ ಹೊಲಗಳಲ್ಲಿ ವರ್ಷಗಟ್ಟಲೆ ಕಾಡುಪಾರಿವಾಳಗಳನ್ನು ಎಣಿಸಿದರು. 1974ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಅನೇಕರನ್ನು ಬೆರಗುಗೊಳಿಸಿತು. ಚಳಿಗಾಲದಲ್ಲಿ ಎಷ್ಟು ಹಕ್ಕಿ ಉಳಿಯಬೇಕೆಂಬುದನ್ನು ತೀರ್ಮಾನಿಸುವುದು ಮುಖ್ಯವಾಗಿ ಆಹಾರದ ಪ್ರಮಾಣ. ಗುಂಡಿಗೆ ಬಿದ್ದ ಹಕ್ಕಿಗಳಲ್ಲಿ ಬಹಳಷ್ಟು ಹೇಗೂ ಹಸಿವಿನಿಂದ ಸಾಯುತ್ತಿದ್ದವು. ಅವು ಹೋದ ಮೇಲೆ ಉಳಿದವುಗಳ ಪಾಲಿಗೆ ಊಟ ಹೆಚ್ಚಾಯಿತು, ಅಷ್ಟೇ.

ನಮ್ಮ ದೇಶದಲ್ಲಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದೆ. ಕಾಯಿದೆಯ ಪ್ರಕಾರ 'ಬೇಟೆ' ಎಂದರೆ ಗುಂಡು ಹೊಡೆಯುವುದು ಮಾತ್ರವಲ್ಲ. ವಿಷವಿಡುವುದು, ಬಲೆ ಒಡ್ಡುವುದು, ಆಮಿಷ ತೋರಿಸಿ ಹಿಡಿಯುವುದು, ಇವೂ ಬೇಟೆಯೇ. ಬೆಳೆ ರಕ್ಷಣೆಗೆಂದು ಪಡೆದ ಬಂದೂಕಿನ ಲೈಸೆನ್ಸ್ ಸಂರಕ್ಷಿತ ಹಕ್ಕಿಯನ್ನು ಕೊಲ್ಲಲು ಪರವಾನಗಿಯಲ್ಲ.

ವಿಷದ ಕಾಳಿನ ಕೇಡು ಇನ್ನೂ ದೊಡ್ಡದು. ಬಂದೂಕಿಗಾದರೂ ಒಂದು ಗುರಿ ಇರುತ್ತದೆ, ಚೆಲ್ಲಿದ ಕಾಳಿಗೆ ಗುರಿಯೇ ಇಲ್ಲ. ಪಾರಿವಾಳಕ್ಕಿಟ್ಟದ್ದನ್ನು ನವಿಲು ತಿನ್ನುತ್ತದೆ, ಮನೆಯ ಕೋಳಿ ತಿನ್ನುತ್ತದೆ. ಸತ್ತ ಹಕ್ಕಿಯನ್ನು ತಿಂದ ನಾಯಿ ಸಾಯುತ್ತದೆ. ಬದುವಿನಲ್ಲಿ ಆಡುವ ಮಗು ಕೈಯನ್ನು ಬಾಯಿಗಿಟ್ಟರೆ ಹೇಳುವುದೇ ಬೇಡ. ನವಿಲು 1963ರಿಂದ ನಮ್ಮ ರಾಷ್ಟ್ರಪಕ್ಷಿ, ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ. ಅದನ್ನು ಕೊಂದವರಿಗೆ 3ರಿಂದ 7 ವರ್ಷಗಳ ಸೆರೆವಾಸವಾಗಬಹುದು.

ಬದಲಾಗುತ್ತಿರುವುದೇ ಉಪಾಯ

ಹಾಗಾದರೆ ರೈತ ಏನು ಮಾಡಬೇಕು? ಗಂಗಾನಗರಕ್ಕೆ ಹೊಂದಿಕೊಂಡಂತಿರುವ ಹೆಬ್ಬಾಳದಲ್ಲಿ ಲೆಹ್‌ಮನ್ ಎಂಬ ಕೃಷಿ ರಸಾಯನ ವಿಜ್ಞಾನಿ 1899ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಮೇಲೆ ಪ್ರಾಯೋಗಿಕ ತೋಟ ಬೆಳೆಯಿತು. ಅಲ್ಲಿಂದ ಮುಂದುವರಿದ ಪರಂಪರೆಯೇ 1964ರಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾಲಯ. ಭಾರತದ ಮೊದಲ ಸೂರ್ಯಕಾಂತಿ ಸಂಕರಣ ತಳಿ ಬಿ.ಎಸ್.ಎಚ್.-1 ಬಿಡುಗಡೆಯಾದದ್ದು 1980ರಲ್ಲಿ, ಇದೇ ವಿಶ್ವವಿದ್ಯಾಲಯದಿಂದ. ಸೂರ್ಯಕಾಂತಿಯ ತೆನೆ ಗಿಳಿಗಳಿಗೆ ತಟ್ಟೆಯಲ್ಲಿಟ್ಟು ಬಡಿಸಿದ ಊಟ. ಅದನ್ನು ಬೆಳೆದವರಿಗೆಲ್ಲ ಹಕ್ಕಿ ಕಾಯುವುದೂ ಬೇಸಾಯದ ಒಂದು ಭಾಗವೇ ಆಯಿತು.

ಕೃಷಿ ವಿಜ್ಞಾನಿಗಳು ಹೇಳುವುದರ ಸಾರ ಇಷ್ಟು. ಒಂದೇ ಹೊಲ ಮುಂಚಿತವಾಗಿ ಮಾಗಿದರೆ ಊರಿನ ಹಕ್ಕಿಗಳೆಲ್ಲ ಅಲ್ಲಿಗೇ ಬರುತ್ತವೆ. ಅಕ್ಕಪಕ್ಕದವರು ಒಟ್ಟಿಗೆ ಬಿತ್ತಿದರೆ ನಷ್ಟ ಹಂಚಿಹೋಗುತ್ತದೆ. ಬಿತ್ತಿದ ಕಾಳಿನ ಮೇಲೆ ಮಣ್ಣು ಚೆನ್ನಾಗಿ ಮುಚ್ಚಬೇಕು. ಮೇಲೆ ಉಳಿದ ನಾಲ್ಕು ಕಾಳೇ ಹಿಂಡಿಗೆ ಮೊದಲ ಕರೆ. ಕಾಯಬೇಕಾದದ್ದು ವರ್ಷವಿಡೀ ಅಲ್ಲ. ಮೊಳಕೆಯ ಮೊದಲ ದಿನಗಳು, ಆಮೇಲೆ ಕಾಳು ಹಾಲುಗಟ್ಟಿ ಬಲಿಯುವ ದಿನಗಳು, ಆಗ ಮಾತ್ರ ಬಿಗಿಯಾದ ಕಾವಲು ಬೇಕು. ಒಂದು ಕಡೆ ಕೆಂಪು, ಇನ್ನೊಂದು ಕಡೆ ಬೆಳ್ಳಿಯ ಹೊಳಪಿರುವ ಪ್ಲಾಸ್ಟಿಕ್ ಪಟ್ಟಿಯನ್ನು ತಿರುಚಿ ಬೆಳೆಯ ಮೇಲೆ ಕಟ್ಟಿದರೆ ಅದು ಗಾಳಿಗೆ ಮಿಂಚುತ್ತದೆ, ಗುಂಯ್‌ಗುಡುತ್ತದೆ. 1980ರ ದಶಕದಲ್ಲಿ ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ಇದನ್ನು ಪರೀಕ್ಷಿಸಲಾಯಿತು. ಆದರೆ ಇದಕ್ಕೂ ಹಕ್ಕಿ ಒಗ್ಗಿಹೋಗಬಲ್ಲದು. ಬೊಂಬೆಯ ಜಾಗ, ಬಟ್ಟೆ, ಸದ್ದು ಎಲ್ಲವನ್ನೂ ಬದಲಿಸುತ್ತಿರಬೇಕು. ಮತ್ತು ನಡುನಡುವೆ ನಿಜವಾದ ಮನುಷ್ಯ ಕವಣೆ ಬೀಸುತ್ತಲೋ ತಮಟೆ ಬಡಿಯುತ್ತಲೋ ಹೊಲದಲ್ಲಿ ಕಾಣಿಸಿಕೊಳ್ಳಬೇಕು. ಆಗ ಮಾತ್ರ ಬೊಂಬೆಯ ಸುಳ್ಳಿನಲ್ಲಿ ಸ್ವಲ್ಪ ನಿಜವೂ ಬೆರೆಯುತ್ತದೆ. ಅಟ್ಟಣೆಯ ಮೇಲೆ ಕೂತು ಕಾಯುತ್ತಿದ್ದ ನಮ್ಮ ಹಿರಿಯರು ಇದನ್ನು ಅನುಭವದಿಂದ ಬಲ್ಲವರು.

ಪಟ್ಟಣದಲ್ಲಿ ಕೂತವರು ಒಂದು ಮಾತು ಯೋಚಿಸಬೇಕು. ರಸ್ತೆಯ ತಿರುವಿನಲ್ಲಿ, ತಾರಸಿಯಲ್ಲಿ ದಿನವೂ ಒಂದು ಚೀಲ ಜೋಳ ಸುರಿದಾಗ ಹತ್ತು ಪಾರಿವಾಳ ತಲೆ ತಗ್ಗಿಸುತ್ತವೆ. ಮೇಲೆ ಹಾರುವ ನೂರಕ್ಕೆ ಆ ಹತ್ತೇ ಕರೆಯುವ ಬೊಂಬೆಗಳು. ಮರ್ಟನ್ ಕಂಡಂತೆ ಆಹಾರ ಹೆಚ್ಚಿದಷ್ಟು ಹಕ್ಕಿ ಹೆಚ್ಚು. ಒಣಗಿದ ಹಿಕ್ಕೆಯ ಧೂಳನ್ನು ಬಹುಕಾಲ ಉಸಿರಾಡಿದರೆ ಕೆಲವರ ಶ್ವಾಸಕೋಶ ಗಂಭೀರವಾಗಿ ಕೆಡುತ್ತದೆಂದು ವೈದ್ಯರು ಎಚ್ಚರಿಸುತ್ತಾರೆ. ಕರೆದು ಕೂರಿಸಿದವರೇ ಆಮೇಲೆ ಬಾಲ್ಕನಿಗೆ ಬಲೆ ಕಟ್ಟಿಸುವುದು ವಿಪರ್ಯಾಸ.

ನೀವೇ ಮಾಡಿ ನೋಡಿ

ಬಾಲ್ಕನಿಯಲ್ಲಿ ಸಿ.ಡಿ. ಕಟ್ಟಿ. ಕಾಳು ಹಾಕಬೇಡಿ. ದಿನವೂ ಒಂದೇ ಹೊತ್ತಿನಲ್ಲಿ ಅರ್ಧ ಗಂಟೆ ಕಿಟಕಿಯ ಒಳಗಿನಿಂದ ನೋಡಿ, ಎಷ್ಟು ಪಾರಿವಾಳ ಬಂದು ಕುಳಿತವೆಂದು ನೋಟ್‌ಪುಸ್ತಕದಲ್ಲಿ ಬರೆಯಿರಿ. ಅವು ಸಿ.ಡಿ.ಗೆ ಹೆದರುವುದನ್ನು ಬಿಟ್ಟ ದಿನ ಅದರ ಜಾಗ ಬದಲಿಸಿ ಎಣಿಕೆ ಮುಂದುವರಿಸಿ. ತಿಂಗಳ ಕೊನೆಗೆ ದಿನಕ್ಕೊಂದು ಚುಕ್ಕೆಯಂತೆ ಗ್ರಾಫ್ ಎಳೆದರೆ ಪಾರಿವಾಳದ ಕಲಿಕೆಯೇ ಕಾಗದದ ಮೇಲೆ ಮೂಡುತ್ತದೆ.

ಗಂಗಾನಗರದ ಹುಡುಗಿಯ ಪುಸ್ತಕದಲ್ಲಿ ಒಂಬತ್ತನೆಯ ದಿನದ ಎದುರಿಗೆ '2' ಎಂದು ಬಿತ್ತು. ಅವಳು ಸಿ.ಡಿ.ಯನ್ನು ಇನ್ನೊಂದು ಮೂಲೆಗೆ ಕಟ್ಟಿ, ತಾತನಿಗೆ ಫೋನ್ ಮಾಡಿ ವರದಿ ಒಪ್ಪಿಸಿದಳು. ಎರಡನೆಯ ಬಿತ್ತನೆ ಮುಗಿದಿತ್ತು. ವಿಷದ ಮಾತನ್ನು ತಾತ ಕೈಬಿಟ್ಟಿದ್ದರು.

"ಬೊಂಬೆ ಇದೆಯಾ ತಾತ, ಇನ್ನೂ?"

"ಇದೆ ಕಣವ್ವಾ. ಹೋದ ವಾರ ನನ್ನ ಪಂಚೆ ಉಟ್ಟಿತ್ತು. ಈ ವಾರ ಪೂರ್ವದ ಬದುವಿಗೆ ಹೋಗಿ ನಿಮ್ಮಜ್ಜಿ ಸೀರೆ ಉಟ್ಟಿದೆ. ಮಧ್ಯೆ ಮಧ್ಯೆ ನಿಮ್ಮಜ್ಜೀನೇ ಹೋಗಿ ಕೂಗ್ತಾಳೆ. ಯಾವುದು ಬೊಂಬೆ, ಯಾವುದು ಅಜ್ಜಿ ಅಂತ ಪಾರಿವಾಳಕ್ಕೆ ಇನ್ನೂ ಗೊತ್ತಾಗಿಲ್ಲ."