ಫೇಲಾದ ವರ್ಷವನ್ನು ಮಕ್ಕಳಿಂದ ಕಿತ್ತುಕೊಳ್ಳುವುದು ಬೇಡ

ಹತ್ತನೇ ಕ್ಲಾಸಿನ ರಿಸಲ್ಟ್ ಬಂದ ದಿನ ನಮ್ಮ ಇಲವಾಲದ ಸುತ್ತಮುತ್ತ ಕೇಳುವುದು ಒಂದೇ ಪ್ರಶ್ನೆ: ‘ಪಾಸಾ, ಫೇಲಾ?’ ಫೇಲ್ ಅಂದರೆ ಎಷ್ಟೋ ಮನೆಗಳಲ್ಲಿ ಸಂಜೆಯೊಳಗೆ ಮುಂದಿನ ದಾರಿಯೂ ತೀರ್ಮಾನವಾಗಿಬಿಡುತ್ತದೆ. ಹುಡುಗನಾದರೆ ಲೇಔಟ್ ಕೆಲಸಕ್ಕೋ ಗ್ಯಾರೇಜಿಗೋ. ಹುಡುಗಿಯಾದರೆ ‘ಓದಿದ್ದು ಸಾಕು, ಗಂಡು ನೋಡೋಣ’.

‘ಛಲ ಬಿಡಬೇಡ, ಮತ್ತೆ ಪ್ರಯತ್ನಿಸು’ ಎಂದು ಎಲ್ಲರೂ ಬುದ್ಧಿ ಹೇಳುತ್ತಾರೆ. ಸರಿ, ಆದರೆ ಮತ್ತೆ ಪ್ರಯತ್ನಿಸಲು ಛಲವೊಂದಿದ್ದರೆ ಸಾಕೇ? ಸಾಲದು ಎಂಬುದು ನಮ್ಮ ಅಭಿಪ್ರಾಯ.

ಮಾಲ್ಗುಡಿ ಕಥೆಗಳನ್ನು ಬರೆದ ಆರ್.ಕೆ. ನಾರಾಯಣ್ ಅವರನ್ನೇ ನೋಡಿ. ಕಾಲೇಜು ಸೇರಲು ಬರೆದ ಪ್ರವೇಶ ಪರೀಕ್ಷೆಯಲ್ಲಿ ಅವರು ಫೇಲಾದರು. ಒಂದು ವರ್ಷ ಮನೆಯಲ್ಲೇ ಇದ್ದರು. 1926ರಲ್ಲಿ ಪಾಸಾಗಿ ಮೈಸೂರಿನ ಮಹಾರಾಜ ಕಾಲೇಜು ಸೇರಿದರು. ಬಿ.ಎ. ಮುಗಿಸಲೂ ಬೇರೆಯವರಿಗಿಂತ ಒಂದು ವರ್ಷ ಹೆಚ್ಚೇ ಹಿಡಿಯಿತು. ಮೊದಲ ಕಾದಂಬರಿಯನ್ನು ಹಲವು ಪ್ರಕಾಶಕರು ಬೇಡವೆಂದರು. ಅದು ಅಚ್ಚಾಗಿದ್ದು 1935ರಲ್ಲಿ. ಯಾದವಗಿರಿಯ ಅವರ ಮನೆಯನ್ನು ಈಗ ಜನ ಹೋಗಿ ನೋಡಿ ಬರುತ್ತಾರೆ.

ಈ ಕಥೆಯಲ್ಲಿ ನಾವು ಮರೆಯುವ ಒಂದು ಮಾತಿದೆ. ನಾರಾಯಣ್ ಅವರ ತಂದೆ ಶಾಲೆಯ ಹೆಡ್‌ಮಾಸ್ಟರ್. ಓದಲು ಪುಸ್ತಕಗಳಿಗೆ ಬರವಿರಲಿಲ್ಲ. ಫೇಲಾದ ಆ ವರ್ಷ ಅವರು ಓದಿದರು, ಬರೆದರು. ಛಲ ಅವರದೇ, ನಿಜ. ಆದರೆ ಆ ವರ್ಷವನ್ನು ಅವರಿಗೆ ಬಿಟ್ಟುಕೊಟ್ಟದ್ದು ಮನೆ. ಕೂಲಿಗೆ ಹೋಗುವವರ ಮಗಳಿಗೆ ಆ ವರ್ಷವನ್ನು ಯಾರು ಕೊಡುತ್ತಾರೆ?

ಮನೆಯಿಂದ ಒಬ್ಬರೇ ಕೊಡಲಾಗದ್ದನ್ನು ಊರು ಸೇರಿ ಕೊಡಬಹುದು. ದಾರಿಗಳು ಈಗಾಗಲೇ ಇವೆ. 2024ರಿಂದ ಎಸ್ಸೆಸ್ಸೆಲ್ಸಿಯಲ್ಲಿ ‘ಪೂರಕ ಪರೀಕ್ಷೆ’ ಎಂಬ ಹೆಸರೇ ಹೋಗಿದೆ. ಪರೀಕ್ಷೆ-1 ಕೈಕೊಟ್ಟರೆ ಕೆಲವೇ ವಾರಗಳಲ್ಲಿ ಪರೀಕ್ಷೆ-2 ಬರೆಯಬಹುದು. ಕಡಿಮೆ ಅಂಕ ಬಂತು ಎನ್ನುವವರೂ ಮತ್ತೆ ಬರೆದು, ಹೆಚ್ಚು ಬಂದದ್ದನ್ನೇ ಉಳಿಸಿಕೊಳ್ಳಬಹುದು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿವೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿಗೆ ಟಿಕೆಟ್ ದುಡ್ಡಿಲ್ಲ; ಹುಣಸೂರು ರಸ್ತೆಯಲ್ಲಿ ಬಸ್ ಹತ್ತಿದರೆ ಮೈಸೂರು ದೂರವೇನಲ್ಲ.

ದುಡಿಯುತ್ತಲೇ ಓದುತ್ತೇನೆ ಎನ್ನುವವರಿಗೆ ಮುಂದೆ ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇದೆ. ಅದು ಶುರುವಾಗಿದ್ದು 1996ರಲ್ಲಿ. ಆ ವಿಶ್ವವಿದ್ಯಾನಿಲಯವೇ ಒಮ್ಮೆ ಬಿದ್ದು ಎದ್ದಿದೆ. 2015ರಲ್ಲಿ ಅದಕ್ಕೆ ಯುಜಿಸಿ ಮಾನ್ಯತೆ ತಪ್ಪಿತು, ಮತ್ತೆ ಸಿಕ್ಕಿದ್ದು 2018ರಲ್ಲಿ. ಅಷ್ಟು ದೊಡ್ಡ ಸಂಸ್ಥೆಗೇ ಎದ್ದು ನಿಲ್ಲಲು ಮೂರು ವರ್ಷ ಬೇಕಾಯಿತು. ಹದಿನಾರು ವರ್ಷದ ಮಗುವಿಗೆ ನಾವು ಒಂದು ಸಂಜೆಯನ್ನೂ ಕೊಡುವುದಿಲ್ಲವಲ್ಲ!

ಹಾಗಾಗಿ ನಾವು ಕೇಳುವುದು ಮೂರೇ. ಒಂದು, ಪರೀಕ್ಷೆಗಳು ಮುಗಿಯುವವರೆಗೆ ಅರಿವು ಕೇಂದ್ರವನ್ನು ಸಂಜೆ ಹೊತ್ತೂ ತೆರೆಯಲು ಪಂಚಾಯಿತಿ ಸದಸ್ಯರು ಮನಸ್ಸು ಮಾಡಲಿ. ಎರಡು, ಊರಲ್ಲಿ ಡಿಗ್ರಿ ಮಾಡಿದ ಅಣ್ಣಂದಿರು, ಅಕ್ಕಂದಿರು ವಾರಕ್ಕೆರಡು ದಿನ ಕೂತು ಗಣಿತ, ಇಂಗ್ಲಿಷ್ ಹೇಳಿಕೊಡಲಿ. ಮೂರು, ಅಪ್ಪ ಅಮ್ಮಂದಿರು ರಿಸಲ್ಟ್ ದಿನ ಯಾವ ತೀರ್ಮಾನಕ್ಕೂ ಕೈಹಾಕದಿರಲಿ. ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾಡುವುದು ಕಾನೂನಿನಲ್ಲಿ ಅಪರಾಧ. ಅಂಥದ್ದು ಕಿವಿಗೆ ಬಿದ್ದರೆ 1098ಕ್ಕೆ ಫೋನ್ ಮಾಡಿ.

ಮಳೆ ಕೈಕೊಟ್ಟ ವರ್ಷ ನಾವು ಹೊಲ ಮಾರುವುದಿಲ್ಲ. ಮುಂದಿನ ಮುಂಗಾರಿಗೆ ಬಿತ್ತನೆ ರಾಗಿ ಎತ್ತಿಟ್ಟುಕೊಂಡು ಕಾಯುತ್ತೇವೆ. ಭೂಮಿಗೆ ತೋರಿಸುವ ಆ ತಾಳ್ಮೆಯನ್ನು ಮಕ್ಕಳಿಗೂ ತೋರಿಸೋಣ.