ಕಾಯಕ ಬಂಧು ಹಾಜರಿ ಹಾಕುವವರಷ್ಟೇ ಅಲ್ಲ

ನಾಯಕತ್ವ ತರಬೇತಿ ಎಂದೊಡನೆ ನಮಗೆ ನೆನಪಾಗುವುದು ನಗರದ ಎಸಿ ಹಾಲ್, ಪ್ರೊಜೆಕ್ಟರ್, ಟೈ ಕಟ್ಟಿದ ತರಬೇತುದಾರ. ಕೆರೆ ಹೂಳೆತ್ತುವ ನರೇಗಾ ಗುಂಪಿಗೂ ಒಳ್ಳೆಯ ಮುಂದಾಳು ಬೇಕೆಂಬುದು ಹೊಳೆಯುವುದೇ ಇಲ್ಲ.

ಗುಂಪಿನ ಮೇಟ್‌ಗೆ ನಮ್ಮ ರಾಜ್ಯದಲ್ಲಿ 'ಕಾಯಕ ಬಂಧು' ಎಂಬ ಚೆಂದದ ಹೆಸರಿದೆ. ಇಂಥ ಮಣ್ಣಿನ ಕೆಲಸದಲ್ಲಿ ಹಾಜರಿ ಇದ್ದರೆ ಸಾಲದು, ತೋಡಿದ ಮಣ್ಣಿನ ಅಳತೆಯೂ ಕೂಲಿಯನ್ನು ನಿರ್ಧರಿಸುತ್ತದೆ. ಬೆಳಿಗ್ಗೆ ಗುಂಡಿಯ ಉದ್ದ, ಅಗಲ, ಆಳ ಸರಿಯಾಗಿ ಗುರುತು ಹಾಕಿಕೊಡದಿದ್ದರೆ ದಿನವಿಡೀ ಬೆವರು ಸುರಿಸಿದರೂ ಪೂರ್ತಿ ಕೂಲಿ ಕೈಸೇರದು. ವಯಸ್ಸಾದವರನ್ನು ಗಟ್ಟಿಗರ ಜೊತೆ ಸೇರಿಸುವುದು, ಜಗಳ ಬಿಡಿಸುವುದು, ಕಾಯ್ದೆಯೇ ಹೇಳಿರುವ ಕುಡಿಯುವ ನೀರು, ನೆರಳು, ಪ್ರಥಮ ಚಿಕಿತ್ಸೆ ಪೆಟ್ಟಿಗೆಯನ್ನು ಪಂಚಾಯಿತಿಯಲ್ಲಿ ಕೇಳಿ ಪಡೆಯುವುದು ಇವೆಲ್ಲ ನಾಯಕತ್ವವೇ.

ಆದರೆ 2023ರ ಜನವರಿಯಿಂದ ಆ್ಯಪ್ ಹಾಜರಿ ಕಡ್ಡಾಯವಾದ ಮೇಲೆ, ಸ್ಮಾರ್ಟ್‌ಫೋನ್ ಇದ್ದವರೇ ಮುಂದಾಳು ಎಂಬಂತಾಗಿದೆ. ಫೋಟೊ ತೆಗೆಯಲು ಒಂದು ಗಂಟೆಯಲ್ಲಿ ಕಲಿಸಬಹುದು. ಹತ್ತು ಮಂದಿಯ ನಂಬಿಕೆ ಗಳಿಸಲು ಹಾಗಾಗದು.

ಗುಂಪಿನವರೇ ತಮ್ಮ ಕಾಯಕ ಬಂಧುವನ್ನು ಆರಿಸಲಿ, ಹೆಣ್ಣುಮಕ್ಕಳಿಗೆ ಮೊದಲ ಅವಕಾಶ ಸಿಗಲಿ. ಆ್ಯಪ್ ಜೊತೆಗೆ ಅಳತೆ, ಲೆಕ್ಕ, ಕಾಯ್ದೆಯನ್ನೂ ಕಲಿಸಲಿ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳೋಣ.